ನೂರೈವತ್ತು ಪದಗಳಲ್ಲಿ ಕೇಳತಕ್ಕದ್ದು

ಕರ್ನಾಟಕ ಸರ್ಕಾರವನ್ನು ನೀವು ಏನಾದರೂ ಕೇಳಬೇಕೆಂದರೆ 150 ಪದಗಳೊಳಗೆ ಕೇಳಬೇಕು. ಅದೂ ಒಂದು ಸಲಕ್ಕೆ ಒಂದೇ ವಿಷಯ. ನಾನು ತಮಾಷೆ ಮಾಡ್ತಿಲ್ಲ. ಕರ್ನಾಟಕ ಮಾಹಿತಿ ಹಕ್ಕು ನಿಯಮಗಳು 2005, ಇದರ 14ನೇ ನಿಯಮ ಹೇಳೋದೇ ಇದನ್ನ. ಮೂಲದಲ್ಲಿ ಈ ನಿಯಮ ಇರಲಿಲ್ಲ, 2008ರಲ್ಲಿ ತಿದ್ದುಪಡಿ ಮಾಡಿ ಸೇರಿಸಿದರು. ಅಂದಿನಿಂದ ಇಂದಿನವರೆಗೆ ಎಷ್ಟೋ ಸರ್ಕಾರಗಳು ಬಂದು ಹೋದವು, ವಿರೋಧ ಪಕ್ಷದಲ್ಲಿದ್ದಾಗ ಪಾರದರ್ಶಕತೆ ಅಂತ ಗಂಟಲು ಹರಿದುಕೊಂಡವರೆಲ್ಲ ಅಧಿಕಾರಕ್ಕೂ ಬಂದರು. ನಿಯಮ ಮಾತ್ರ ಅಲ್ಲೇ ಇದೆ.

ಪುಸ್ತಕ, ಸಿನಿಮಾಗಳನ್ನು ವಿಮರ್ಶೆ ಮಾಡುವ ಹಾಗೆ ನಿಯಮಗಳನ್ನೂ ಯಾಕೆ ಮಾಡಬಾರದು ಅಂತ ನನಗೆ ಬಹಳ ದಿನದಿಂದ ಅನಿಸಿದೆ. ಅವೂ ಬರವಣಿಗೆಯೇ. ಅವುಗಳಿಗೂ ಲೇಖಕರಿದ್ದಾರೆ, ಹೆಸರು ಹಾಕಿಕೊಳ್ಳಲ್ಲ ಅಷ್ಟೆ. ಅಲ್ಲಿಯೂ ಒಂದೊಂದು ಪದವನ್ನು ಯಾರೋ ಕೂತು ಆರಿಸಿರುತ್ತಾರೆ. ಕಾದಂಬರಿಯಲ್ಲಿ ಒಂದು ಪದ ತಪ್ಪಿದರೆ ಓದುಗರಿಗೆ ಸ್ವಲ್ಪ ಬೇಜಾರಾದೀತು. ನಿಯಮದಲ್ಲಿ ಒಂದು ಪದ ತಪ್ಪಿದರೆ ಯಾರದೋ ಪಿಂಚಣಿ ಫೈಲು ಐದು ವರ್ಷ ಕಾಣಿಸಲ್ಲ.

ಮೊದಲು ಕಾಯ್ದೆಯ ಬಗ್ಗೆ. 2005ರ ಮಾಹಿತಿ ಹಕ್ಕು ಅಧಿನಿಯಮ, ನನ್ನ ಮಟ್ಟಿಗೆ, ಈ ದೇಶದಲ್ಲಿ ಬರೆಯಲ್ಪಟ್ಟ ಅತಿ ಚೆಂದದ ಕಾನೂನುಗಳಲ್ಲೊಂದು. ಅದರಲ್ಲಿ ಕೆಲವು ಸಾಲುಗಳಿವೆ, ಸರ್ಕಾರಿ ಕಚೇರಿಯ ಕಾರಿಡಾರಿನಲ್ಲಿ ನಿಂತು ಗೊತ್ತಿರುವವರೇ ಬರೆಯಬಲ್ಲಂಥವು. ಉದಾಹರಣೆಗೆ 6(2). ಅರ್ಜಿದಾರನಿಗೆ ಈ ಮಾಹಿತಿ ಯಾಕೆ ಬೇಕು ಎಂದು ಕೇಳುವಂತಿಲ್ಲ. ನಮ್ಮ ಯಾವುದೇ ಕಚೇರಿಯ ಕಿಟಕಿಗೆ ಹೋಗಿ ನೋಡಿ, ಮೊದಲ ಪ್ರಶ್ನೆಯೇ "ಯಾಕ್ ಬೇಕಿತ್ತು ನಿಮಗೆ?" ಆ ಪ್ರಶ್ನೆಯನ್ನೇ ಕಾನೂನು ಕಿತ್ತುಹಾಕಿತು. ಇನ್ನೊಂದು 19(5). ಮಾಹಿತಿ ಕೊಡಲ್ಲ ಎಂದ ಅಧಿಕಾರಿಯೇ ಮೇಲ್ಮನವಿಯಲ್ಲಿ ತಾನು ಮಾಡಿದ್ದು ಸರಿ ಎಂದು ಸಾಬೀತು ಮಾಡಬೇಕು. ಕೇಳಿದವನು ತನ್ನ ಹಕ್ಕನ್ನು ಸಾಬೀತು ಮಾಡಬೇಕಿಲ್ಲ. ಬರೆಯಲು ಬಾರದವರು ಬಂದರೆ ಅವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು, ಇದೂ 6ರಲ್ಲೇ ಇದೆ. ಅರ್ಜಿ ತಪ್ಪಾದ ಕಚೇರಿಗೆ ಹೋಗಿದ್ದರೆ 'ನಮ್ಮದಲ್ಲ' ಅಂತ ವಾಪಸ್ ಕಳಿಸುವಂತಿಲ್ಲ, ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. ಬರೆದವರ ಮನಸ್ಸಿನಲ್ಲಿದ್ದ ಅರ್ಜಿದಾರ ಯಾರು ಅನ್ನೋದು ಇಲ್ಲೆಲ್ಲ ಕಾಣುತ್ತೆ. ಯಾವ ಕಚೇರಿ ಯಾವುದು ಅಂತ ಗೊತ್ತಿಲ್ಲದ, ಓದು ಬರಹ ಅಷ್ಟಕ್ಕಷ್ಟೇ ಇರುವ, ಆದರೆ ಕೇಳುವ ಹಕ್ಕಿರುವ ಮನುಷ್ಯ.

ಈಗ ನಮ್ಮ 14ನೇ ನಿಯಮಕ್ಕೆ ಬನ್ನಿ. ಇದನ್ನು ಬರೆದವರ ಮನಸ್ಸಿನಲ್ಲಿದ್ದ ಅರ್ಜಿದಾರನೇ ಬೇರೆ. ಉದ್ದುದ್ದ ಬರೆಯುವವನು, ಕಚೇರಿಯ ಟೈಮ್ ತಿನ್ನುವವನು, ಕಿರುಕುಳ ಕೊಡುವವನು.

ಅಂಥವರು ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಕಾರಿನ ಹಿಂದೆ ಕೆಂಪು ಅಕ್ಷರದಲ್ಲಿ 'ಆರ್‌ಟಿಐ ಕಾರ್ಯಕರ್ತ' ಅಂತ ಬರೆಸಿಕೊಂಡು ಕಟ್ಟಡ ಕಟ್ಟುವವರ ಮನೆ ಬಾಗಿಲಿಗೆ ಹೋಗುವ ವೃತ್ತಿನಿರತರನ್ನು ನೀವೂ ನೋಡಿರುತ್ತೀರಿ. ಮಾಹಿತಿ ಅಧಿಕಾರಿಗೆ ಬೇರೆ ಮುಖ್ಯ ಕೆಲಸಗಳಿರುತ್ತವೆ, ಇದು ಮೇಲೆ ಬಿದ್ದ ಹೆಚ್ಚುವರಿ ಹೊರೆ. 'ಕಳೆದ ಇಪ್ಪತ್ತು ವರ್ಷದ ಎಲ್ಲ ಕಡತಗಳ ದೃಢೀಕೃತ ಪ್ರತಿ' ಎಂದು ಕೇಳುವವರ ಅರ್ಜಿ ಬಂದರೆ ಆತನ ತಲೆ ಕೆಡುವುದು ಸಹಜ. ಆದರೆ ಈ ನಿಯಮ ಅಂಥವರನ್ನು ತಡೆಯುತ್ತಾ? ಲೆಕ್ಕ ಹಾಕಿ. ಅರ್ಜಿ ಶುಲ್ಕ 10 ರೂಪಾಯಿ. ಐವತ್ತು ವಿಷಯಕ್ಕೆ ಐವತ್ತು ಅರ್ಜಿ ಹಾಕಿದರೆ 500 ರೂಪಾಯಿ. ದಂಧೆ ಮಾಡುವವನಿಗೆ ಅದು ಒಂದು ಮಧ್ಯಾಹ್ನದ ಊಟದ ಖರ್ಚು. ಅವನ ಬಳಿ ಟೆಂಪ್ಲೇಟ್ ಸಿದ್ಧವಿರುತ್ತೆ. ಮೊದಲ ಸಲ, ಬಹುಶಃ ಕೊನೆಯ ಸಲ, ಅರ್ಜಿ ಬರೆಯುತ್ತಿರುವ ಮನುಷ್ಯನೇ ಇಲ್ಲಿ ಎಡವಿ ಬೀಳುವುದು. ತನ್ನ ಕಷ್ಟವನ್ನು ಮೊದಲಿಂದ ಹೇಳದೆ ಮಾಹಿತಿ ಕೇಳುವುದು ಹೇಗೆಂದು ಅವನಿಗೆ ಗೊತ್ತಿರಲ್ಲ. '2011ರಲ್ಲಿ ನಮ್ಮ ತಂದೆಯವರು ತೀರಿಕೊಂಡ ಮೇಲೆ' ಅಂತ ಶುರು ಮಾಡುತ್ತಾನೆ, ಕೇಳಬೇಕಾದ್ದಕ್ಕೆ ಬರುವಷ್ಟರಲ್ಲಿ 150 ಮುಗಿದಿರುತ್ತೆ.

ಇಲ್ಲಿ ಒಂದು ಅಡ್ಡಮಾತು. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು ಎನ್ನುತ್ತದೆ ಕಾಯ್ದೆ. ಪದ ಎಣಿಸುವ ಆಟವೇ ಆದರೆ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನವರು ಐದು ಪದ ಖರ್ಚು ಮಾಡಿ ಹೇಳುವುದನ್ನು ನಾವು 'ಮಾಡಿಸಬೇಕಾಗಿತ್ತು' ಅಂತ ಒಂದೇ ಪದದಲ್ಲಿ ಮುಗಿಸುತ್ತೇವೆ. 'ಕೊಡಲಾಗಿದ್ದಲ್ಲಿ', 'ನಿಗದಿಪಡಿಸಿದ್ದರೆ', 'ದಿನಾಂಕದಿಂದೀಚೆಗೆ', ಎಲ್ಲ ಒಂದೊಂದೇ. ವಿಭಕ್ತಿ ಪ್ರತ್ಯಯಗಳನ್ನು ಶಾಲೆಯಲ್ಲಿ ಬೈಯ್ದುಕೊಂಡು ಬಾಯಿಪಾಠ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಇಮೇಲ್ ಬರೆಯುವ ನಮ್ಮಂಥವರು ಇಲ್ಲೂ ಅದನ್ನೇ ಬರೆದು ಪದ ಕಳೆದುಕೊಳ್ಳುವುದೇಕೆ?

ನಿಯಮದ ಪಠ್ಯಕ್ಕೆ ವಾಪಸ್ ಬರೋಣ. ಅದರಲ್ಲಿ ಗಮನಿಸಬೇಕಾದ ಪದ 150 ಅಲ್ಲ, ಅದರ ಹಿಂದೆ ಕೂತಿರುವ 'ಸಾಮಾನ್ಯವಾಗಿ'. ಅರ್ಜಿ ಸಾಮಾನ್ಯವಾಗಿ 150 ಪದ ಮೀರತಕ್ಕದ್ದಲ್ಲ ಅನ್ನುವುದು ಅದರ ತಾತ್ಪರ್ಯ. ಸಾಮಾನ್ಯವಾಗಿ ಅಂದಮೇಲೆ ಅಸಾಮಾನ್ಯ ಸಂದರ್ಭವೂ ಇರಬೇಕು ತಾನೇ? ಅದು ಯಾವುದು, ಯಾರು ತೀರ್ಮಾನಿಸಬೇಕು, 151ನೇ ಪದ ಬಂದರೆ ಏನಾಗುತ್ತದೆ, ನಿಯಮ ತುಟಿ ಬಿಚ್ಚುವುದಿಲ್ಲ. ನಿಯಮ ಸುಮ್ಮನಿದ್ದಾಗ ಯಾರು ಮಾತಾಡುತ್ತಾರೆ ಅಂತ ಕಚೇರಿ ಕಂಡವರಿಗೆ ಹೇಳಬೇಕಿಲ್ಲ.

ಇದರ ಪಕ್ಕದಲ್ಲಿ ಕೇಂದ್ರ ಸರ್ಕಾರದ 2012ರ ಮಾಹಿತಿ ಹಕ್ಕು ನಿಯಮಗಳನ್ನು ಇಟ್ಟು ಓದಿ. ಅಲ್ಲೂ ಮಿತಿಯಿದೆ, 500 ಪದ. ಅಲ್ಲೂ 'ಸಾಮಾನ್ಯವಾಗಿ' ಇದೆ. ವಿಳಾಸ, ಲಗತ್ತುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಕೆಳಗೆ ಒಂದು ಪರಂತುಕವಿದೆ: 500 ಪದ ಮೀರಿದೆ ಎಂಬ ಒಂದೇ ಕಾರಣಕ್ಕೆ ಯಾವ ಅರ್ಜಿಯನ್ನೂ ತಿರಸ್ಕರಿಸುವಂತಿಲ್ಲ. ಕಾನೂನು ಓದದವರಿಗೆ ಪರಂತುಕ ಅಂದ್ರೆ 'ಆದರೆ' ಅಂತ ಶುರುವಾಗುವ ಬಾಲ, ಹೇಳಿದ್ದಕ್ಕೊಂದು ವಿನಾಯಿತಿ. ಈ ಒಂದು ಸಾಲಿನಿಂದ ಇಡೀ ನಿಯಮದ ಸ್ವಭಾವವೇ ಬದಲಾಗಿಬಿಡುತ್ತೆ. ಗೋಡೆಯಾಗಬಹುದಾಗಿದ್ದದ್ದು ಸಲಹೆಯಾಗುತ್ತೆ. ಚಿಕ್ಕದಾಗಿ ಬರೀರಪ್ಪಾ, ಆದರೆ ಬರೆಯೋಕೆ ಆಗದಿದ್ದರೂ ಪರವಾಗಿಲ್ಲ.

ನಮ್ಮ 14ನೇ ನಿಯಮಕ್ಕೂ ಒಂದು ಪರಂತುಕ ಇದೆ. ಅದು ಉಲ್ಟಾ ದಿಕ್ಕಿಗೆ ಓಡುತ್ತೆ. ಒಂದಕ್ಕಿಂತ ಹೆಚ್ಚು ವಿಷಯ ಕೇಳಿದ್ದರೆ ಮಾಹಿತಿ ಅಧಿಕಾರಿ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಡಬಹುದು, ಉಳಿದದ್ದಕ್ಕೆ ಪ್ರತ್ಯೇಕ ಅರ್ಜಿ ಹಾಕಿ ಎಂದು ಸಲಹೆ ನೀಡಬಹುದು. ಕಾನೂನಿನ ಕನ್ನಡದಲ್ಲಿ ಎರಡು ಮುಖ್ಯ ಕ್ರಿಯಾಪದಗಳು: 'ತಕ್ಕದ್ದು' ಮತ್ತು 'ಬಹುದು'. ಈ ನಿಯಮದಲ್ಲಿ ನಾಗರಿಕನ ಪಾಲಿಗೆ ಬಂದಿರುವುದೆಲ್ಲ ತಕ್ಕದ್ದು, ಅಧಿಕಾರಿಯ ಪಾಲಿಗೆ ಬಂದಿರುವುದು ಬಹುದು. ಮೂಲ ಕಾಯ್ದೆಯಲ್ಲಿ ಈ ಹಂಚಿಕೆ ಹೆಚ್ಚುಕಡಿಮೆ ತಿರುಗುಮುರುಗಾಗಿದೆ. ನಾವು ಕೇಳಬಹುದು, ಅವರು 30 ದಿನದೊಳಗೆ ಕೊಡತಕ್ಕದ್ದು.

ಮತ್ತೆ ಈ 'ವಿಷಯ' ಅಂದರೇನು? ನಿಯಮದಲ್ಲಿ ವ್ಯಾಖ್ಯಾನವಿಲ್ಲ. ನನ್ನದೇ ಅನುಭವ ಹೇಳ್ತೀನಿ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ರಸ್ತೆಗೆ ಡಾಂಬರು ಹಾಕಿದರು. ಒಂದು ಮಳೆಗಾಲಕ್ಕೇ ಜಲ್ಲಿ ಎದ್ದು ಬಂತು. ಸಂಬಂಧಪಟ್ಟ ಕಚೇರಿಗೆ (ಯಾವುದೆಂದು ಬೇಡ) ಕನ್ನಡದಲ್ಲಿ, 112 ಪದಗಳಲ್ಲಿ, ಅರ್ಜಿ ಹಾಕಿದೆ. ಆ ರಸ್ತೆಯ ಕಾರ್ಯಾದೇಶ, ಅಂದಾಜುಪಟ್ಟಿ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಸಿದ ಬಿಲ್ಲು. ಇಪ್ಪತ್ತೊಂಬತ್ತನೇ ದಿನ ಹಿಂಬರಹ ಬಂತು. ಅರ್ಜಿಯಲ್ಲಿ ನಾಲ್ಕು ವಿಷಯಗಳಿರುವುದರಿಂದ ನಿಯಮ 14ರ ಪ್ರಕಾರ ಮೊದಲನೆಯದಕ್ಕೆ ಮಾತ್ರ ಮಾಹಿತಿ ಒದಗಿಸಲಾಗಿದೆ. ಎರಡು ಪುಟದ ಕಾರ್ಯಾದೇಶ, ಪುಟಕ್ಕೆ 2 ರೂಪಾಯಿಯಂತೆ 4 ರೂಪಾಯಿ.

ನನ್ನ ಪ್ರಕಾರ ವಿಷಯ ಒಂದೇ, ಆ ರಸ್ತೆ. ಅವರ ಪ್ರಕಾರ ಒಂದೊಂದು ಕಾಗದವೂ ಒಂದೊಂದು ವಿಷಯ. ಜಗಳ ಮೂವತ್ತು ರೂಪಾಯಿಯದ್ದಲ್ಲ. ರಸ್ತೆ ಕಾಮಗಾರಿಯ ಕಾಗದಗಳು ಹೇಗೆ ಕೆಲಸ ಮಾಡುತ್ತವೆ ನೋಡಿ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪದ ಪದರ ಎಂದು ಅಂದಾಜುಪಟ್ಟಿ ಹೇಳುತ್ತೆ. ಸ್ಥಳದಲ್ಲಿ ಅಳೆದಾಗ ಎಷ್ಟಿತ್ತು ಅಂತ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಎಲ್ಲರೂ ಎಂಬಿ ಅನ್ನೋದು ಅದನ್ನೇ. ಎಂಬಿ ಆಧಾರದ ಮೇಲೆ ಬಿಲ್ಲು ಆಗುತ್ತೆ. ಈ ಮೂರರಲ್ಲಿ ಯಾವುದಾದರೂ ಒಂದನ್ನು ಮಾತ್ರ ಕೈಗೆ ಕೊಟ್ಟರೆ ಅದು ಪರಮ ಪ್ರಾಮಾಣಿಕ ಕಾಗದ. ರುಜು, ಸೀಲು, ದಿನಾಂಕ ಎಲ್ಲ ಸರಿ ಇರುತ್ತೆ. ಸುಳ್ಳು ಇರುವುದು ಯಾವ ಕಾಗದದೊಳಗೂ ಅಲ್ಲ, ಒಂದು ಕಾಗದಕ್ಕೂ ಇನ್ನೊಂದಕ್ಕೂ ನಡುವಿನ ಜಾಗದಲ್ಲಿ. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ಮಾತ್ರ ಅದು ಕಾಣೋದು. ಒಂದು ಅರ್ಜಿಗೆ ಒಂದು ವಿಷಯ ಅನ್ನುವ ನಿಯಮವನ್ನು ಹೀಗೆ ಓದಿದರೆ ಆಗುವುದೇನು? ಆ ಪಕ್ಕಪಕ್ಕವನ್ನೇ ಬೇರೆಬೇರೆ ಮಾಡಿದ ಹಾಗೆ. ಯಾರೂ ಏನನ್ನೂ ಬಚ್ಚಿಟ್ಟಿಲ್ಲ, ಬೇರೆ ಬೇರೆ ತಿಂಗಳಲ್ಲಿ ಕೊಟ್ಟಿದ್ದಾರೆ ಅಷ್ಟೆ.

ಈ ನಿಯಮದ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಕಾಯ್ದೆ ಒಂದು ಹಕ್ಕು ಕೊಟ್ಟಿತು. ಹಕ್ಕು ಜೀವ ಹಿಡಿದಿರೋದು ಅಥವಾ ಉಸಿರುಗಟ್ಟೋದು ನಿಯಮದಲ್ಲಿ, ನಮೂನೆಯಲ್ಲಿ, ಶುಲ್ಕ ಕಟ್ಟುವ ವಿಧಾನದಲ್ಲಿ. ಟಿವಿ ಚರ್ಚೆಯೆಲ್ಲ ಕಾಯ್ದೆಯ ಮೇಲೆ, ಅಸಲಿ ಆಟ ಗೆಜೆಟ್ಟಿನ ಸಣ್ಣಕ್ಷರದಲ್ಲಿ.

ಇದು ನಮಗೆ ಹೊಸದೇನೂ ಅಲ್ಲ. ಕೇಂದ್ರದ ಕಾಯ್ದೆಗಿಂತ ಮೊದಲೇ ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು, 2000ದಲ್ಲಿ. ಹೆಮ್ಮೆಯ ವಿಷಯವೇ. ಆದರೆ ನಿಯಮಗಳು ಬಂದು ಅದು ಜಾರಿಯಾಗಿದ್ದು 2002ರಲ್ಲಿ. ಎರಡು ವರ್ಷ ಹಕ್ಕು ಇತ್ತು, ಬಳಸುವ ದಾರಿ ಇರಲಿಲ್ಲ. ಕೇಂದ್ರದ್ದು ಇನ್ನೂ ಮಜವಾಗಿದೆ. ಸಂಸತ್ತು 2002ರಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಅಂತ ಒಂದನ್ನು ಅಂಗೀಕರಿಸಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಯ ದಿನಾಂಕ ಗೊತ್ತುಪಡಿಸುವ ಅಧಿಸೂಚನೆ ಮಾತ್ರ ಬರಲೇ ಇಲ್ಲ. ಲಗ್ನಪತ್ರಿಕೆ ಹಂಚಿ ಮುಹೂರ್ತ ಇಡದ ಮದುವೆ. ಕೊನೆಗೆ 2005ರ ಕಾಯ್ದೆ ಬಂದು ಅದನ್ನು ರದ್ದು ಮಾಡಿತು.

ಹಾಗಾದರೆ ಒಳ್ಳೆಯ ನಿಯಮ ಹೇಗಿರುತ್ತೆ? ನಮ್ಮ ವಯಸ್ಸಿನವರಿಗೆ ಗೊತ್ತಿಲ್ಲದೆ ಬಳಸುತ್ತಿರುವ ಒಂದು ಉದಾಹರಣೆ ಇದೆ. ಫ್ಲ್ಯಾಟೋ ಸೈಟೋ ಕೊಂಡವರೆಲ್ಲ ಇಸಿ ತೆಗೆಸಿರುತ್ತೀರಿ, ಋಣಭಾರ ಪತ್ರ. ಆ ಆಸ್ತಿ ಯಾರಿಂದ ಯಾರಿಗೆ ಹೋಯಿತು, ಯಾವ ಬ್ಯಾಂಕಿಗೆ ಅಡಮಾನ ಇತ್ತು ಅನ್ನೋದೆಲ್ಲ ಅದರಲ್ಲಿ ಬರುತ್ತೆ. ಆ ಆಸ್ತಿ ನಿಮ್ಮದಲ್ಲ, ಮಾರುವವನು ನಿಮಗೆ ಸಂಬಂಧಿಯಲ್ಲ. ಆದರೂ ಯಾರು ಬೇಕಾದರೂ ಶುಲ್ಕ ಕಟ್ಟಿ ತೆಗೆಸಬಹುದು. ಇದು ಯಾವುದೋ ಉದಾರ ಅಧಿಕಾರಿಯ ಕೃಪೆಯಲ್ಲ, 1908ರ ನೋಂದಣಿ ಕಾಯ್ದೆಯ 57ನೇ ಪ್ರಕರಣ. ಬ್ರಿಟಿಷರ ಕಾಲದ್ದು, ಪಾರದರ್ಶಕತೆ ಅನ್ನೋ ಪದವೇ ಯಾರ ಬಾಯಲ್ಲೂ ಇರದ ಕಾಲದ್ದು. ಅದನ್ನು ಬರೆದವರು ಎಷ್ಟು ಯೋಚಿಸಿದ್ದರು ನೋಡಿ. ದಾಖಲೆಗಳನ್ನು ಬೇರೆಬೇರೆ ಪುಸ್ತಕಗಳಲ್ಲಿ ಇಡಿ ಎಂದರು. ಸ್ಥಿರಾಸ್ತಿಯ ಕ್ರಯಪತ್ರ, ಅಡಮಾನ ಇವೆಲ್ಲ 1ನೇ ಪುಸ್ತಕಕ್ಕೆ, ಅದು ಎಲ್ಲರಿಗೂ ತೆರೆದದ್ದು. ಉಯಿಲುಗಳು 3ನೇ ಪುಸ್ತಕಕ್ಕೆ. ಬರೆದವರು ಬದುಕಿರುವವರೆಗೆ ಅದರ ಪ್ರತಿ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಬಿಟ್ಟು ಬೇರೆಯವರಿಗೆ ಸಿಗಲ್ಲ. ಅಪ್ಪ ಉಯಿಲಿನಲ್ಲಿ ಯಾರಿಗೆ ಏನು ಬರೆದಿದ್ದಾರೆ ಅನ್ನೋದು ಖಾಸಗಿ, ಮನೆ ಯಾರಿಗೆ ಮಾರಿದ್ದಾರೆ ಅನ್ನೋದು ಸಾರ್ವಜನಿಕ. ಎರಡರಲ್ಲೂ ಹೆಸರಿದೆ, ಎರಡೂ 'ವೈಯಕ್ತಿಕ'ವೇ. ಆದರೂ ಗೆರೆ ಎಳೆಯೋದು ಕಷ್ಟವಾಗಲಿಲ್ಲ.

ಪಹಣಿಯೂ ಅಷ್ಟೆ. 'ಭೂಮಿ'ಯಲ್ಲಿ ಸರ್ವೆ ನಂಬರ್ ಹಾಕಿದರೆ ಯಾರ ಹೆಸರಲ್ಲಿ ಎಷ್ಟು ಎಕರೆ ಎಷ್ಟು ಗುಂಟೆ ಅಂತ ಬರುತ್ತೆ. ಊರಿನ ಜಮೀನಿನ ವ್ಯಾಜ್ಯವನ್ನು ಬೆಂಗಳೂರಿನ ಕ್ಯೂಬಿಕಲ್ಲಿನಲ್ಲಿ ಕೂತು ಹಿಂಬಾಲಿಸುವವರ ಒಂದು ಪೀಳಿಗೆಯೇ ಇದರಿಂದ ಹುಟ್ಟಿದೆ. ರೇರಾ ನೋಡಿ, ಬಿಲ್ಡರ್ ತನ್ನ ಯೋಜನೆಯ ಮಂಜೂರಾತಿಗಳು ಏನಾದವು, ಎಷ್ಟು ಬುಕ್ ಆಯಿತು ಅಂತ ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಹಾಕಬೇಕು ಎಂದು 2016ರ ಆ ಕಾಯ್ದೆಯ 11ನೇ ಪ್ರಕರಣ ಹೇಳುತ್ತೆ. ಎಷ್ಟು ಜನ ಬಿಲ್ಡರ್‌ಗಳು ನೆಟ್ಟಗೆ ಹಾಕುತ್ತಾರೆ ಅನ್ನೋದು ಬೇರೆ ಕಥೆ. ಈ ಮೂರರಲ್ಲೂ ನೀವು ಯಾರನ್ನೂ ಕೇಳಬೇಕಿಲ್ಲ, ಪದ ಎಣಿಸಬೇಕಿಲ್ಲ, ಯಾರ 'ಬಹುದು'ಗೂ ಕಾಯಬೇಕಿಲ್ಲ.

ಮಾಹಿತಿ ಹಕ್ಕು ಕಾಯ್ದೆಯ ನಿಜವಾದ ಆಸೆಯೂ ಇದೇ ಆಗಿತ್ತು. ಎಲ್ಲರೂ 6ನೇ ಪ್ರಕರಣದ ಅರ್ಜಿಯ ಬಗ್ಗೆ ಮಾತಾಡುತ್ತೇವೆ, ಅದರ ಹಿಂದಿರುವ 4ನ್ನು ಮರೆಯುತ್ತೇವೆ. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಕಡತಗಳನ್ನು ಸೂಚಿ ಮಾಡಿ ಇಡಬೇಕು. 4(1)(ಬಿ)ಯಲ್ಲಿ ಪಟ್ಟಿ ಮಾಡಿರುವ 17 ಬಗೆಯ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕು. ಯಾರ ಅಧಿಕಾರ ಏನು, ಬಜೆಟ್ ಎಷ್ಟು, ಪ್ರತಿ ನೌಕರನ ತಿಂಗಳ ಸಂಬಳ ಎಷ್ಟು, ಸಹಾಯಧನದ ಫಲಾನುಭವಿಗಳು ಯಾರು, ಪರವಾನಗಿ, ರಿಯಾಯಿತಿ ಯಾರಿಗೆ ಸಿಕ್ಕಿತು. ಕಾಯ್ದೆ ಬಂದ 120 ದಿನದೊಳಗೆ ಇದೆಲ್ಲ ಆಗಬೇಕಿತ್ತು. ಜನ ಈ ಕಾಯ್ದೆಯನ್ನು ಬಳಸುವ ಪ್ರಸಂಗವೇ ಆದಷ್ಟು ಕಡಿಮೆಯಾಗಬೇಕು ಅಂತ 4(2) ಬಾಯಿಬಿಟ್ಟು ಹೇಳುತ್ತೆ. ತನ್ನನ್ನು ತಾನೇ ಅನಗತ್ಯ ಮಾಡಿಕೊಳ್ಳಬೇಕು ಎಂದು ಬಯಸುವ ಕಾನೂನು ಇದು. ಇಂಥದ್ದು ಎಷ್ಟಿವೆ?

ರಾಜಸ್ಥಾನ 2019ರಲ್ಲಿ ಜನ ಸೂಚನಾ ಪೋರ್ಟಲ್ ಅಂತ ಮಾಡಿತು, ನಮ್ಮಲ್ಲಿ 'ಮಾಹಿತಿ ಕಣಜ' ಇದೆ. ಕಣಜ ಅನ್ನುವ ಹೆಸರಿಟ್ಟವರಿಗೆ ನನ್ನ ಪೂರ್ತಿ ಮಾರ್ಕ್ಸ್. ಪಡಿತರ, ಪಿಂಚಣಿ, ಉದ್ಯೋಗ ಖಾತ್ರಿ ಹೀಗೆ ಇಲಾಖೆವಾರು ಮಾಹಿತಿ ಒಂದೇ ಕಡೆ ಸಿಗುವ ಹಾಗೆ ಮಾಡಿರುವುದು ದೊಡ್ಡ ಕೆಲಸ. ಆದರೆ ಎಷ್ಟೋ ಕಚೇರಿಗಳ ಪುಟದಲ್ಲಿ '4(1)(ಬಿ)' ಅಂತ ಕ್ಲಿಕ್ ಮಾಡಿದರೆ ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದುಕೊಳ್ಳುತ್ತೆ, ಅದರಲ್ಲಿ ವರ್ಗಾವಣೆಯಾಗಿ ಹೋದ ಅಧಿಕಾರಿಯ ಹೆಸರು. ಅದರಲ್ಲಿ ಪದ ಹುಡುಕೋಕಾಗಲ್ಲ, ಎಕ್ಸೆಲ್ಲಿಗೆ ಹಾಕೋಕಾಗಲ್ಲ. ಪ್ರಕಟಿಸಿದ್ದಾರೆ, ಓದೋ ಹಾಗಿಲ್ಲ. 4ಕ್ಕೆ ನೇರ ದಂಡವಿಲ್ಲ ಅನ್ನೋದೇ ಇದಕ್ಕೆ ಮುಖ್ಯ ಕಾರಣ ಅಂತ ನನ್ನ ಅನಿಸಿಕೆ. 20ನೇ ಪ್ರಕರಣದ ದಂಡ ಇರೋದು ಅರ್ಜಿಗೆ ಉತ್ತರ ಕೊಡದಿದ್ದರೆ. ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000. 2005ರಲ್ಲಿ ಎಷ್ಟಿತ್ತೋ ಅಷ್ಟೇ ಇದೆ, ನಮ್ಮ ಬಾಡಿಗೆಯ ಹಾಗೆ ಏರಿಲ್ಲ. ಎರಡನೇ ಮೇಲ್ಮನವಿಯನ್ನು ಆಯೋಗ ಇಷ್ಟು ದಿನದಲ್ಲಿ ತೀರ್ಮಾನಿಸಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದು ಕಾಯ್ದೆ ಬರೆದವರ ಲೋಪ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಈಗ ಇಡೀ ಕಾಯ್ದೆಯಲ್ಲಿ ನನಗೆ ಅತಿ ಇಷ್ಟವಾಗಿದ್ದ ಸಾಲಿನ ವಿಷಯ. ಅದು ಈಗ ಇಲ್ಲ.

8(1)(ಜೆ). ವೈಯಕ್ತಿಕ ಮಾಹಿತಿಯನ್ನು ಯಾವಾಗ ಕೊಡದಿರಬಹುದು ಎಂದು ಹೇಳುವ ಭಾಗ. ಮೂಲದಲ್ಲಿ ಹೀಗಿತ್ತು: ಸಾರ್ವಜನಿಕ ಚಟುವಟಿಕೆಗೆ ಸಂಬಂಧವೇ ಇಲ್ಲದ, ಅಥವಾ ಖಾಸಗಿತನದ ಮೇಲೆ ವಿನಾಕಾರಣ ದಾಳಿ ಮಾಡುವಂಥ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಿಲ್ಲ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಅದನ್ನೂ ಕೊಡಬಹುದು. ಇದರ ಕೊನೆಗೆ ಪರಂತುಕ: ಸಂಸತ್ತಿಗೋ ವಿಧಾನಮಂಡಲಕ್ಕೋ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ಸ್ವಲ್ಪ ನಿಂತು ಯೋಚಿಸಿ. ಶಾಸಕ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಪಡೆಯಬಹುದಾದ ಮಾಹಿತಿಯನ್ನು ಅವನಿಗೆ ವೋಟು ಹಾಕಿದ ಹೂ ಮಾರುವ ಹೆಂಗಸೂ ಪಡೆಯಬಹುದು. ಪ್ರತಿನಿಧಿಗಿಂತ ಪ್ರಜೆ ಕಡಿಮೆಯಲ್ಲ ಅಂತ ಒಂದು ಸಾಲಿನಲ್ಲಿ ಬರೆದುಬಿಟ್ಟಿದ್ದರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಇದನ್ನೆಲ್ಲ ಅಳಿಸಿತು. ಅದು ಜಾರಿಗೆ ಬಂದಿದ್ದು 2025ರ ನವೆಂಬರಿನಲ್ಲಿ. ಈಗ 8(1)(ಜೆ)ಯಲ್ಲಿ ಉಳಿದಿರುವುದು ಇಷ್ಟೇ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. ಷರತ್ತಿಲ್ಲ, ಪರಂತುಕವಿಲ್ಲ. ನಮ್ಮ ಫೋನ್ ನಂಬರುಗಳನ್ನು ಮಾರಿಕೊಳ್ಳುವ ಆ್ಯಪ್‌ಗಳಿಂದ ಕಾಪಾಡುತ್ತೇವೆ ಎಂದು ಬಂದ ಕಾನೂನು, ಸರ್ಕಾರಿ ಕಡತದಲ್ಲಿರುವ ಹೆಸರುಗಳನ್ನೂ ಅದೇ ಹೊದಿಕೆಯೊಳಗೆ ಎಳೆದುಕೊಂಡಿತು.

ಖಾಸಗಿತನ ದೊಡ್ಡ ಹಕ್ಕು, ಅನುಮಾನವಿಲ್ಲ. ಅದು ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ. ಆದರೆ ಅವರು ಕೋರ್ಟಿಗೆ ಹೋಗಿದ್ದು ಪ್ರಜೆಯ ಬಗ್ಗೆ ಸರ್ಕಾರ ಎಷ್ಟು ತಿಳಿಯಬಹುದು ಎಂದು ಕೇಳಲು, ಆಧಾರ್ ವಿಷಯದಲ್ಲಿ. ಸರ್ಕಾರದ ಬಗ್ಗೆ ಪ್ರಜೆ ಎಷ್ಟು ತಿಳಿಯಬಾರದು ಅನ್ನೋದಕ್ಕೆ ಆ ತೀರ್ಪನ್ನು ನೆಪ ಮಾಡಿಕೊಳ್ಳೋದು ನನಗೆ ಒಪ್ಪಿಗೆಯಾಗಲ್ಲ.

8(2) ಇದೆಯಲ್ಲ ಅಂತ ಸರ್ಕಾರದ ವಾದ. ಸಾರ್ವಜನಿಕ ಹಿತ ಹೆಚ್ಚಿದ್ದರೆ ಯಾವುದೇ ವಿನಾಯಿತಿಯನ್ನೂ ಮೀರಿ ಮಾಹಿತಿ ಕೊಡಬಹುದು ಎನ್ನುವ ಆ ಪ್ರಕರಣ ಹಾಗೇ ಉಳಿದಿದೆ, ನಿಜ. ಅಲ್ಲೂ ಇರುವ ಕ್ರಿಯಾಪದ 'ಬಹುದು'. ಮೊದಲು, ಈ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ ಎಂದು ಅಧಿಕಾರಿ ತೋರಿಸಬೇಕಿತ್ತು. ಈಗ ಹೆಸರು ಕಂಡರೆ ಸಾಕು, ಇಲ್ಲ ಅನ್ನಬಹುದು. ಹೌದು ಅನ್ನಲು ಕಾರಣ ಹುಡುಕಬೇಕು. ತಲೆನೋವು ಬೇಡ ಅನ್ನುವ ಗುಮಾಸ್ತ ಯಾವುದನ್ನು ಆರಿಸುತ್ತಾನೆ?

ಈ ಕಾಯ್ದೆ ಹುಟ್ಟಿದ್ದೇ ಹೆಸರುಗಳಿಂದ. 1990ರ ದಶಕದಲ್ಲಿ ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಗೆಳೆಯರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್, ಬರಗಾಲ ಪರಿಹಾರ ಕಾಮಗಾರಿಗಳ ಹಾಜರಿ ಪಟ್ಟಿಗಳನ್ನು ಹಳ್ಳಿಯ ಬಯಲಲ್ಲಿ ಗಟ್ಟಿಯಾಗಿ ಓದಿಸಿತು. ಜನ ಸುನ್ವಾಯಿ ಅಂತ ಅದಕ್ಕೆ ಹೆಸರು. ಇಂಥವರು ಇಷ್ಟು ದಿನ ಕೂಲಿ ಮಾಡಿದ್ದಾರೆ, ಇಷ್ಟು ಹಣ ಪಡೆದಿದ್ದಾರೆ ಅಂತ ಓದಿದಾಗ ಜನ ಎದ್ದು ನಿಂತು ಹೇಳಿದರು: ಅವನು ಸತ್ತು ವರ್ಷಗಳಾದವು, ಅವನು ಊರಲ್ಲೇ ಇಲ್ಲ, ನನಗೆ ಈ ದುಡ್ಡು ಬಂದೇ ಇಲ್ಲ. ಆ ಪಟ್ಟಿಗಳಿಂದ ಹೆಸರು ತೆಗೆದುಬಿಟ್ಟಿದ್ದರೆ ಉಳಿಯುತ್ತಿದ್ದದ್ದು ಬರೀ ಮೊತ್ತ. ಮೊತ್ತ ಓದಿದರೆ ಯಾವ ಹಳ್ಳಿಯಲ್ಲೂ ಯಾರೂ ಎದ್ದು ನಿಲ್ಲಲ್ಲ. 1996ರಲ್ಲಿ ಬ್ಯಾವರಿನಲ್ಲಿ 40 ದಿನ ಧರಣಿ ಕೂತು ಕೇಳಿದ್ದು ಅಂಥ ಕಾಗದಗಳ ನಕಲನ್ನೇ. ಇವತ್ತಿನ 8(1)(ಜೆ) ಹಿಡಿದುಕೊಂಡು ಹೊರಟರೆ ಅದೇ ಹಾಜರಿ ಪಟ್ಟಿಯನ್ನು 'ವೈಯಕ್ತಿಕ' ಅಂತ ತಿರಸ್ಕರಿಸಬಹುದು. ಫಲಾನುಭವಿಗಳ ವಿವರ ಪ್ರಕಟಿಸಿ ಅನ್ನೋ 4(1)(ಬಿ) ಅದೇ ಕಾಯ್ದೆಯಲ್ಲಿ ನಾಲ್ಕು ಪ್ರಕರಣಗಳ ಹಿಂದೆ ಇನ್ನೂ ಜೀವಂತ ಇದೆ. ಒಂದೇ ಪುಸ್ತಕದ ಎರಡು ಪುಟಗಳು ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ. ಸಂಪಾದಕ ಅಂತ ಒಬ್ಬರಿದ್ದಿದ್ದರೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಹಾಕಿ ವಾಪಸ್ ಕಳಿಸುತ್ತಿದ್ದರು.

ಕ್ರಯಪತ್ರ ಒಂದು ಪುಸ್ತಕಕ್ಕೆ, ಉಯಿಲು ಇನ್ನೊಂದಕ್ಕೆ ಎಂದು 1908ರಲ್ಲಿ ಬಿಡಿಸಿ ಬರೆಯಲು ಆಗಿದ್ದರೆ, ಕೂಲಿಯವನ ವೈದ್ಯಕೀಯ ವರದಿ ಬೇರೆ, ಅವನ ಹೆಸರಲ್ಲಿ ಡ್ರಾ ಆದ ದುಡ್ಡು ಬೇರೆ ಎಂದು 2023ರಲ್ಲಿ ಬರೆಯಲು ಏನು ಕಷ್ಟವಿತ್ತು?

8(1)(ಜೆ)ಯನ್ನು ಸರಿ ಮಾಡಲು ದೆಹಲಿಗೆ ಹೋಗಬೇಕು, ಸಂಸತ್ತು ಅಥವಾ ಸುಪ್ರೀಂ ಕೋರ್ಟು. 14ನೇ ನಿಯಮಕ್ಕೆ ಅಷ್ಟು ದೂರ ಬೇಡ. ನಿಯಮ ಮಾಡುವ ಅಧಿಕಾರವನ್ನು 27ನೇ ಪ್ರಕರಣ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಗೆಜೆಟ್ಟಿನಲ್ಲಿ ಒಂದು ಅಧಿಸೂಚನೆ, ಆಮೇಲೆ ಅದನ್ನು ವಿಧಾನಮಂಡಲದ ಮುಂದೆ ಇಡಬೇಕು, 29(2), ಅಷ್ಟೇ. ಏನು ಬರೆಯಬೇಕು ಅಂತ ಯೋಚಿಸುವ ಶ್ರಮವೂ ಬೇಕಿಲ್ಲ. ಮೊದಲ ವಿಷಯಕ್ಕೆ ಮಾತ್ರ ಉತ್ತರಿಸಬಹುದು ಎನ್ನುವ ಪರಂತುಕ ತೆಗೆದು, ಪದ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಯಾವ ಅರ್ಜಿಯನ್ನೂ ತಿರಸ್ಕರಿಸತಕ್ಕದ್ದಲ್ಲ ಎಂಬ ಕೇಂದ್ರದ ಪರಂತುಕವನ್ನು ಅಲ್ಲಿ ಇಟ್ಟರೆ ಸಾಕು. ಕನ್ನಡದಲ್ಲಿ ಬರೆದರೆ ಹನ್ನೆರಡು ಪದ ದಾಟಲ್ಲ.